ಚಾರ್ಮಾಡಿ ಇಳಿದು ಆಗುಂಬೆ ಹತ್ತಿ: ಹೈಬ್ರಿಡ್ ಕಾರಿನ ಪೆಟ್ರೋಲ್ ಲೆಕ್ಕ

ಹೊಸ ಕಾರು ಬಂದಾಗಿನಿಂದ ನಮ್ಮ ಅಪ್ಪನಿಗೆ ಒಂದು ಸಂಖ್ಯೆ ಬಾಯಿಪಾಠವಾಗಿಬಿಟ್ಟಿದೆ. 27.97. ಟೊಯೋಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗೆ, ಅಂದರೆ ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿ, ಮೋಟರೂ ಇರುವ ಕಾರಿಗೆ, ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಪರೀಕ್ಷೆಯಲ್ಲಿ ಸಿಕ್ಕ ಮೈಲೇಜ್ ಅದು, ಲೀಟರಿಗೆ ಅಷ್ಟು ಕಿಲೋಮೀಟರ್. ಲ್ಯಾಬಿನ ರೋಲರ್ ಮೇಲೆ ಓಡುವ ಕಾರಿಗೆ ಗೊರಗುಂಟೆಪಾಳ್ಯದ ಸಿಗ್ನಲ್ ಇಲ್ಲ, ಡಿಕ್ಕಿಯಲ್ಲಿ ಅಮ್ಮ ತುಂಬಿಸಿದ ಚೀಲಗಳೂ ಇಲ್ಲ ಅಂತ ಎಷ್ಟು ಹೇಳಿದರೂ ಅಪ್ಪ ಕೇಳುವುದಿಲ್ಲ. ಆಫೀಸಿಗೆ ಓಡಾಡುವಾಗ ನನಗೆ 23ರ ಆಸುಪಾಸು ಸಿಗುತ್ತೆ. 'ಊರೊಳಗೇ 23 ಅಂದ್ರೆ ಹೈವೇಲಿ 28 ಬರಲೇಬೇಕಲ್ವಾ?' ಅನ್ನುವುದು ಅವರ ವಾದ. ನಮ್ಮ ಹಳೆ ಪೆಟ್ರೋಲ್ ಕಾರು ಸಿಟಿಯಲ್ಲಿ 11, ಹೈವೇಯಲ್ಲಿ 17 ಕೊಡುತ್ತಿತ್ತು. ಹಾಗಾಗಿ ಅವರ ಮಾತಿನಲ್ಲಿ ತಪ್ಪು ಹುಡುಕುವುದೂ ಕಷ್ಟ.

ಅಕ್ಟೋಬರ್ ರಜೆಯಲ್ಲಿ ಕರಾವಳಿಗೆ ಹೋಗುವುದು ಅಂತಾಯಿತು. ಅಪ್ಪ, ಅಮ್ಮ, ನಾನು, ಜೊತೆಗೆ ಅಕ್ಕನ ಮಗ. ಭಾವನ ಹತ್ತಿರ ಡೀಸೆಲ್ ಗಾಡಿ ಇದೆ. 'ಘಾಟಿಯಲ್ಲಿ ಗೊತ್ತಾಗುತ್ತೆ ನಿಮ್ಮ ಹೈಬ್ರಿಡ್ ಯೋಗ್ಯತೆ' ಅಂತ ಹೇಳಿ ಮಗನನ್ನು ಕಳಿಸಿಕೊಟ್ಟರು. ಅಪ್ಪ ಸ್ಕೂಟರ್ ಕಾಲದಿಂದ ಪೆಟ್ರೋಲ್ ಲೆಕ್ಕ ಬರೆದಿಡುವ ಮನುಷ್ಯ. ಜೇಬಿನ ಡೈರಿ ತೆಗೆದು ಓಡೋಮೀಟರ್ ಬರೆದುಕೊಂಡರು. ಬಂಕಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್. ಟೈರ್ ಗಾಳಿಯನ್ನು ಹಿಂದಿನ ಸಂಜೆಯೇ, ಗಾಡಿ ತಣ್ಣಗಿರುವಾಗ ನೋಡಿಸಿಕೊಂಡಿದ್ದೆ. ನಾಲ್ಕು ಜನ, ಲಗೇಜು ಅಂದ ಮೇಲೆ ಗಾಳಿ ಕಡಿಮೆ ಇದ್ದರೆ ಮೈಲೇಜ್ ಮಾತೇ ಬೇಡ.

ನೆಲಮಂಗಲ ದಾಟಿದ ಮೇಲೆ

ಬೆಳಗ್ಗೆ ಐದೂವರೆಗೆ ಹೊರಟಾಗ ತುಂತುರು ಮಳೆ. ಮೊದಲ ಎರಡು ಮೂರು ಕಿಲೋಮೀಟರ್ ಇಂಜಿನ್ ಆಫ್ ಆಗಲೇ ಇಲ್ಲ. ಇದು ಕಾಯಿಲೆ ಅಲ್ಲ, ಇಂಜಿನ್ ಬಿಸಿಯಾಗುವವರೆಗೆ ಹಾಗೇ ಓಡುತ್ತೆ. ಪಕ್ಕದ ಬೀದಿಯ ಅಂಗಡಿಗೆ ಕಾರಲ್ಲಿ ಹೋಗಿ ಬರುವವರಿಗೆ ಹೈಬ್ರಿಡ್‌ನಲ್ಲೂ ಮೈಲೇಜ್ ಬರುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ. ಯಶವಂತಪುರ ದಾಟುವಷ್ಟರಲ್ಲಿ ಸದ್ದು ನಿಂತು, ಬರೀ ಬ್ಯಾಟರಿಯಲ್ಲಿ ಓಡುತ್ತಿದೆ ಅನ್ನುವ ಹಸಿರು 'ಇವಿ' ದೀಪ ಹತ್ತಿಕೊಂಡಿತು.

ನೆಲಮಂಗಲ ದಾಟಿ ಹಾಸನದ ದಾರಿ ಹಿಡಿದ ಮೇಲೆ ರಸ್ತೆ ಖಾಲಿ. ಕಾಲು ತಾನಾಗೇ ಭಾರವಾಯಿತು. 100ರಲ್ಲಿ ಹಾಯಾಗಿ ಹೋಗುತ್ತಿದ್ದೆವು. ಕುಣಿಗಲ್ ಬಂತು, ಹೋಯಿತು. ಅಪ್ಪ ಮಾತ್ರ ಸ್ಕ್ರೀನ್ ಬಿಟ್ಟು ಕಣ್ಣು ತೆಗೆಯಲಿಲ್ಲ. ಯಡಿಯೂರಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಸ್ಕ್ರೀನ್ ಮೇಲೆ 20.4.

'ಏನೋ ಇದು, ಆಫೀಸಿಗೆ ಹೋಗೋದಕ್ಕಿಂತ ಕಡಿಮೆ!'

ತಟ್ಟೆ ಇಡ್ಲಿ ಬಂತು. ಮೇಲೆ ಬೆಣ್ಣೆ, ಪಕ್ಕಕ್ಕೆ ಕಾಯಿಚಟ್ನಿ. ಕಾರು ತಯಾರಾಗಿದ್ದು ಬಿಡದಿಯಲ್ಲಿ, ತಟ್ಟೆ ಇಡ್ಲಿಯ ಊರಲ್ಲೇ ಅಂತ ನೆನಪಿಸಿದೆ. ಅಪ್ಪ ನಗಲಿಲ್ಲ. ಎದುರಿಗೆ ಕಾಫಿ ಕುಡಿಯುತ್ತಿದ್ದ ಲಾರಿ ಡ್ರೈವರ್ ಒಬ್ಬರು ನಮ್ಮ ಮಾತು ಕೇಳಿಸಿಕೊಂಡಿರಬೇಕು.

'ಅದಕ್ಕೆ ಚಾರ್ಜ್ ಎಲ್ಲಿ ಹಾಕ್ತೀರಿ ಸಾರ್?'

ಎಲ್ಲೂ ಹಾಕುವುದಿಲ್ಲ, ಪ್ಲಗ್ಗೇ ಇಲ್ಲ ಅಂತ ಅಪ್ಪ ಹೇಳಿದರು.

'ಹಂಗಾದ್ರೆ ಪೆಟ್ರೋಲ್ ಕುಡಿದೇ ಕರೆಂಟ್ ಮಾಡ್ಕೊಳ್ಳುತ್ತೆ ಅನ್ನಿ. ಅದ್ರಲ್ಲೇನ್ ಲಾಭ?'

ಷೋರೂಮಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನು ಗೊತ್ತಿದ್ದಷ್ಟು ಹೇಳಿದೆ. ಮಾಮೂಲಿ ಗಾಡಿಯಲ್ಲಿ ಬ್ರೇಕ್ ಹಾಕಿದರೆ ಓಟದ ಶಕ್ತಿಯೆಲ್ಲ ಬ್ರೇಕ್ ಬಿಸಿಯಾಗಿ ಗಾಳಿಗೆ ಹೋಗುತ್ತೆ. ಇಲ್ಲಿ ಮೋಟರು ಉಲ್ಟಾ ಕೆಲಸ ಮಾಡಿ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ತುಂಬಿಸುತ್ತೆ. ಸಿಗ್ನಲ್‌ನಲ್ಲಿ ನಿಂತಾಗ, ತೆವಳುವಾಗ ಇಂಜಿನ್ ಬೇಕಾಗುವುದಿಲ್ಲ. ಎಸಿ ಕೂಡ ಬ್ಯಾಟರಿಯಲ್ಲೇ ನಡೆಯುತ್ತೆ.

ಅವರು ಲೋಟ ಕೆಳಗಿಟ್ಟು, 'ಸರಿ. ಆದ್ರೆ ಈ ರೋಡಲ್ಲಿ ನೀವು ಬ್ರೇಕೇ ಹಾಕಿಲ್ಲವಲ್ಲ' ಅಂದರು.

ಅಪ್ಪನಿಗೆ ನಾನು ವಾರಗಟ್ಟಲೆ ಹೇಳಿದರೂ ತಲೆಗೆ ಹೋಗದಿದ್ದದ್ದು ಈ ಒಂದು ಮಾತಿಗೆ ಹೋಯಿತು. ಖಾಲಿ ಹೈವೇಯಲ್ಲಿ ಹೈಬ್ರಿಡ್‌ಗೆ ಉಳಿಸುವುದಕ್ಕೆ ಜಾಸ್ತಿ ಏನೂ ಇರುವುದಿಲ್ಲ. ಅಲ್ಲಿ ಅದು ಒಂದೂವರೆ ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಕಾರು, ಅಷ್ಟೆ. ಇರುವ ಒಂದೇ ಉಪಾಯ ಅಂದರೆ ನಿಧಾನ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಾಗುತ್ತೆ. ಹಿರೀಸಾವೆಯಿಂದ ಮುಂದೆ 80ರಲ್ಲಿ ಇಟ್ಟೆ. ಚನ್ನರಾಯಪಟ್ಟಣದ ತೆಂಗಿನ ತೋಟಗಳು ಆಗ ಸರಿಯಾಗಿ ಕಂಡವು. ಹಾಸನ ತಲುಪುವಾಗ 21.6 ಆಗಿತ್ತು.

ಹಾಸನದಿಂದ ಬೇಲೂರಿಗೆ ಚಿಕ್ಕ ರಸ್ತೆ. ಹಂಪ್, ಊರು, ದನ, ಮತ್ತೆ ಹಂಪ್. ಮೈಲೇಜ್ ಏರತೊಡಗಿತು. ಅಪ್ಪನಿಗೆ ಪ್ರತಿ ಹಂಪೂ ಈಗ ಲಾಭವಾಗಿ ಕಾಣುತ್ತಿತ್ತು. ಬೇಲೂರಿನ ದೇವಸ್ಥಾನ ನೋಡಿದೆವು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು, ಅದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಇಷ್ಟೇ, ಮಧ್ಯಾಹ್ನ ಹೋಗುವುದಾದರೆ ಸಾಕ್ಸ್ ಹಾಕಿಕೊಂಡು ಹೋಗಿ. ಮಳೆ ಬಿಟ್ಟು ಬಿಸಿಲು ಬಂದು ಕಲ್ಲು ಕಾದಿತ್ತು. ಅಮ್ಮ ಕುಣಿಯುತ್ತಲೇ ಪ್ರದಕ್ಷಿಣೆ ಮುಗಿಸಿದರು.

ಮೂಡಿಗೆರೆಯ ಬೆಳಗು

ರಾತ್ರಿ ಉಳಿದದ್ದು ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ. ಅಕ್ಕಿರೊಟ್ಟಿ, ಕಳಲೆ ಪಲ್ಯ, ಬಿಸಿ ಸಾರು. ಊಟ ಮುಗಿಸಿ ನಾವು ಮಲಗಿದರೆ ಅಕ್ಕನ ಮಗ ಕಾರಿನಲ್ಲಿ ಕೂತು ಹಾಡು ಕೇಳುತ್ತಿದ್ದ. ಇಂಜಿನ್ ಸದ್ದಿಲ್ಲದಿದ್ದರೂ ಹಾಡು ಬರುತ್ತದಲ್ಲ, ಇದು ಹೈಬ್ರಿಡ್, ದೊಡ್ಡ ಬ್ಯಾಟರಿ ಇದೆ ಅಂತ ಅವನ ಧೈರ್ಯ.

ಬೆಳಗ್ಗೆ ಬಟನ್ ಒತ್ತಿದರೆ ಡ್ಯಾಷ್‌ಬೋರ್ಡ್ ಒಮ್ಮೆ ಮಿನುಗಿ ಸತ್ತುಹೋಯಿತು. ತೋಟದ ಜೀಪ್ ಡ್ರೈವರ್ ಬಂದು ಪಂಚೆ ಎತ್ತಿ ಕಟ್ಟಿ, 'ಬನ್ನಿ, ತಳ್ಳಿ ಸ್ಟಾರ್ಟ್ ಮಾಡೋಣ' ಅಂದರು. ಇದನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ. ಕ್ಲಚ್ಚೂ ಇಲ್ಲ, ಮಾಮೂಲಿ ಗೇರ್‌ಬಾಕ್ಸೂ ಇಲ್ಲ. ತಮಾಷೆ ಏನಂದರೆ, ಹಿಂದೆ 177 ವೋಲ್ಟಿನ ಬ್ಯಾಟರಿ ತುಂಬಿ ಕೂತಿದೆ. ಆದರೆ ಅದನ್ನು ಎಬ್ಬಿಸುವ ಕಂಪ್ಯೂಟರಿಗೆ ಎಲ್ಲ ಕಾರಿನಲ್ಲೂ ಇರುವಂಥ 12 ವೋಲ್ಟಿನ ಬ್ಯಾಟರಿಯೇ ಬೇಕು. ಹಾಡು ಕೇಳಿ ಖಾಲಿಯಾಗಿದ್ದು ಅದು.

ಜೀಪಿನಲ್ಲಿ ಜಂಪ್ ಕೇಬಲ್ ಇತ್ತು. ತೋಟದಲ್ಲಿ ಅದಿಲ್ಲದೆ ಬದುಕೇ ಇಲ್ಲವಂತೆ. ಮ್ಯಾನ್ಯುಯಲ್ ನೋಡಿಕೊಂಡು ಜೋಡಿಸಿದೆವು. ಬಟನ್ ಒತ್ತಿದ ಕೂಡಲೇ 'ರೆಡಿ' ಅಂತ ಬಂತು. ಮಾಮೂಲಿ ಕಾರಿಗೆ ಬೇಕಾದಷ್ಟು ಕರೆಂಟ್ ಇದಕ್ಕೆ ಬೇಡ, ಏಕೆಂದರೆ ಇಂಜಿನ್ ತಿರುಗಿಸುವ ಕೆಲಸ ದೊಡ್ಡ ಬ್ಯಾಟರಿಯದ್ದು. ಕಾರಿನಲ್ಲಿ ಕೂತು ಹಾಡು ಕೇಳಲೇಬೇಕು ಅಂದರೆ ರೆಡಿ ಸ್ಥಿತಿಯಲ್ಲಿಟ್ಟು ಕೇಳಿ, ಬೇಕಾದಾಗ ಇಂಜಿನ್ ಹತ್ತಿಕೊಂಡು ಚಾರ್ಜ್ ಮಾಡಿಕೊಳ್ಳುತ್ತೆ. ಒಂದು ಕೇಬಲ್ ಡಿಕ್ಕಿಯಲ್ಲಿ ಬಿದ್ದಿರಲಿ. ಡಿಕ್ಕಿಯಲ್ಲಿ ಜಾಗ ಇದ್ದರೆ ಅಂತ ಸೇರಿಸಬೇಕು, ಏಕೆಂದರೆ ಒಂದಷ್ಟು ಜಾಗವನ್ನು ಬ್ಯಾಟರಿಯೇ ನುಂಗಿದೆ. ಅಮ್ಮನ ಕಾಲ ಬುಡದಲ್ಲಿ ಒಂದು ಚೀಲ ಇಡೀ ಪ್ರವಾಸ ಮಾಡಿತು.

ಕೊಟ್ಟಿಗೆಹಾರ, ಚಾರ್ಮಾಡಿ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಘಾಟಿ ಇಳಿದವರು ಅಪರೂಪ. ನಾವೂ ತಿಂದೆವು, ಎಷ್ಟು ಅಂತ ಲೆಕ್ಕ ಬರೆಯಲು ಅಪ್ಪ ಡೈರಿ ತೆಗೆಯಲಿಲ್ಲ. ಹೊರಗೆ ಮಂಜು ಎಷ್ಟಿತ್ತೆಂದರೆ ರಸ್ತೆ ಆಚೆಯ ಬೋರ್ಡ್ ಕಾಣುತ್ತಿರಲಿಲ್ಲ. 'ಒಂದರ್ಧ ಗಂಟೆ ತಡೀರಿ, ಎದ್ದೋಗುತ್ತೆ' ಅಂದರು ಹೋಟೆಲಿನವರು. ಹಾಗೇ ಆಯಿತು. ಘಾಟಿಯೊಳಗೆ ಬಂಕ್ ಇಲ್ಲ, ಮೂಡಿಗೆರೆಯಲ್ಲೇ ನೋಡಿಕೊಂಡು ಬರಬೇಕು. ನಮ್ಮ ಟ್ಯಾಂಕ್ ಅರ್ಧಕ್ಕಿಂತ ಮೇಲೇ ಇತ್ತು.

2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಅಲ್ಲಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ತಡೆಗೋಡೆ ಕಟ್ಟಿದ ಜಾಗಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಮಳೆಗಾಲ ಮುಗಿದಿದ್ದರೂ ಬಂಡೆ ಬಂಡೆಯಲ್ಲಿ ನೀರು ಇಳಿಯುತ್ತಿತ್ತು. ತಿರುವಿನಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುವವರು ಬೇಕಾದಷ್ಟು. ದಯವಿಟ್ಟು ಅಗಲ ಇರುವ ಕಡೆ ನಿಲ್ಲಿಸಿ, ಹತ್ತಿ ಬರುವ ಬಸ್ಸಿನವರಿಗೆ ಆ ತಿರುವು ಪೂರ್ತಿ ಬೇಕು.

ಈ ಇಳಿಜಾರಿನ ಮೇಲೆ ಅಪ್ಪ ಬಹಳ ಆಸೆ ಇಟ್ಟುಕೊಂಡಿದ್ದರು. 'ಇಳಿಯುವಷ್ಟೂ ಚಾರ್ಜ್ ಆಗುತ್ತೆ, ಮಂಗಳೂರಿನ ತನಕ ಪೆಟ್ರೋಲೇ ಬೇಡ' ಅನ್ನುವ ಹುಮ್ಮಸ್ಸು. ಮೊದಲ ಕೆಲವು ತಿರುವು ಹಾಗೇ ನಡೆಯಿತು. ಸ್ಕ್ರೀನಿನಲ್ಲಿ ಬಾಣಗಳು ಚಕ್ರದಿಂದ ಬ್ಯಾಟರಿಗೆ ಓಡುತ್ತಿದ್ದವು. ಆಮೇಲೆ ಬ್ಯಾಟರಿ ಭರ್ತಿ. ಇಳಿಜಾರಿನಲ್ಲಿ ಕಾರನ್ನು ಹಿಡಿದಿಡುವ 'ಬಿ'ಗೆ ನಾನು ಲಿವರ್ ಎಳೆದಿದ್ದೆ. ಕಾಲು ಆಕ್ಸಿಲರೇಟರ್ ಮೇಲಿಲ್ಲ, ಆದರೂ ಇಂಜಿನ್ ಘುರ್ರ್ ಅಂತ ಕೂಗತೊಡಗಿತು.

ಅಪ್ಪನಿಗೆ ಗಾಬರಿ. 'ಇಳಿಜಾರಲ್ಲೂ ಪೆಟ್ರೋಲ್ ಸುಡ್ತಿದೆ, ಆಫ್ ಮಾಡು!'

ಸುಡುತ್ತಿರಲಿಲ್ಲ. ಬ್ಯಾಟರಿಯಲ್ಲಿ ಜಾಗ ಇಲ್ಲದಾಗ ಕಾರು ಇಂಜಿನ್ನನ್ನು ಪೆಟ್ರೋಲ್ ಇಲ್ಲದೆ ಸುಮ್ನೆ ತಿರುಗಿಸಿ, ಹೆಚ್ಚಾದ ಶಕ್ತಿಯನ್ನು ಅದರಲ್ಲಿ ಕಳೆಯುತ್ತೆ. ಬ್ರೇಕ್ ಪ್ಯಾಡ್ ಬಿಸಿಯಾಗುವುದು ತಪ್ಪುತ್ತೆ. ಅಕ್ಕನ ಮಗ ಫೋನಿನಲ್ಲಿ ಎತ್ತರ ನೋಡುತ್ತಿದ್ದ. ಮೇಲಿಂದ ಕೆಳಗೆ ಸುಮಾರು 700 ಮೀಟರ್ ಇಳಿತ ತೋರಿಸಿತು. ಜನ, ಲಗೇಜು ಸೇರಿ ಕಾರು 1600 ಕಿಲೋ ಅಂತ ಇಟ್ಟುಕೊಂಡರೆ, ಆ ಇಳಿತದಲ್ಲಿರುವ ಶಕ್ತಿ ಹತ್ತಿರ ಹತ್ತಿರ 3 ಯೂನಿಟ್ ಕರೆಂಟಿನಷ್ಟು. ಗಾಳಿ, ಟೈರ್ ತಿಂದು ಮಿಕ್ಕಿದ್ದೂ ಕಡಿಮೆ ಏನಲ್ಲ. ನಮ್ಮ ಬ್ಯಾಟರಿ ಇರುವುದು 0.76 ಯೂನಿಟ್‌ನದು, ಅದರಲ್ಲೂ ಪೂರ್ತಿ ತುಂಬಿಸಲು, ಪೂರ್ತಿ ಖಾಲಿ ಮಾಡಲು ಕಾರು ಬಿಡುವುದಿಲ್ಲ. ಅಬ್ಬಿಯ ಕೆಳಗೆ ಚೊಂಬು ಹಿಡಿದ ಹಾಗೆ. ಚೊಂಬು ತುಂಬಿತು, ಮಿಕ್ಕಿದ್ದು ಹರಿದುಹೋಯಿತು.

ಚಾರ್ಮಾಡಿ ಊರು ಮುಟ್ಟಿದಾಗ, ಮೇಲೆ ಸೊನ್ನೆ ಮಾಡಿದ್ದ ಟ್ರಿಪ್ ಮೀಟರಿನಲ್ಲಿ ಮೈಲೇಜ್ 60 ದಾಟಿತ್ತು. ಅಪ್ಪ ಅದರ ಫೋಟೋ ತೆಗೆದು ಭಾವನಿಗೆ ಕಳಿಸಿದರು. 'ಹತ್ತುವಾಗಿನ ಫೋಟೋನೂ ಕಳಿಸಿ' ಅಂತ ಉತ್ತರ ಬಂತು.

ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ. ಅಲ್ಲಿಂದ ವೇಣೂರು. 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ ಫಲ್ಗುಣಿ ನದಿಯ ದಡದಲ್ಲಿ ಒಬ್ಬನೇ ನಿಂತಿದ್ದ, ನಮ್ಮನ್ನು ಬಿಟ್ಟರೆ ಜನ ಇರಲಿಲ್ಲ. ಮೂಡುಬಿದಿರೆ, ಕಾರ್ಕಳದ ಮೇಲೆ ಉಡುಪಿ ಸೇರುವಾಗ ಸಂಜೆ. ಈ ದಾರಿ ಏರಿಳಿತದ್ದು, 50-60ಕ್ಕಿಂತ ಜೋರಾಗಿ ಹೋಗಲು ಬಿಡದ್ದು. ಹೈಬ್ರಿಡ್‌ಗೆ ಹೇಳಿ ಮಾಡಿಸಿದ ದಾರಿ ಅಂದರೆ ಇದೇ.

ಊರು ಸೇರುವ ಮೊದಲು ಬಂಕಿಗೆ ಹೋದೆವು. 448 ಕಿಲೋಮೀಟರಿಗೆ 20.4 ಲೀಟರ್ ಹಿಡಿಯಿತು. ಅಂದರೆ 22ಕ್ಕೆ ಒಂದು ಕೂದಲೆಳೆ ಕಡಿಮೆ. ಸ್ಕ್ರೀನಿನಲ್ಲಿ ಇದ್ದದ್ದು 23.1. ಸ್ಕ್ರೀನ್ ಯಾವಾಗಲೂ ಸ್ವಲ್ಪ ಸಂತೋಷವಾಗಿರುತ್ತೆ. ನಂಬುವುದಾದರೆ ಬಂಕಿನ ಲೆಕ್ಕವನ್ನೇ ನಂಬಬೇಕು. ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್‌ನ ಪಾಲೂ ಇದರಲ್ಲಿದೆ ಅಂತ ಬಂಕಿನಲ್ಲಿ ಒಬ್ಬರು ಹೇಳಿದರು. ಮಾತು ಸುಳ್ಳಲ್ಲ, ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಆದರೆ ಯಡಿಯೂರಿನ ತನಕ ನಾನು ಓಡಿಸಿದ 100ರ ಪಾಲೂ ಅದರಲ್ಲಿದೆಯಲ್ಲ.

ಉಡುಪಿ, ಮರವಂತೆ

ಮರುದಿನ ಉಡುಪಿಯಲ್ಲೇ ಸುತ್ತಿದೆವು. ಬನ್ಸ್, ಗೋಳಿಬಜೆ, ಸಂಜೆ ಗಡ್‌ಬಡ್. ರಥಬೀದಿಯ ಸುತ್ತಿನ ಗಲ್ಲಿಗಳಲ್ಲಿ ಪಾರ್ಕಿಂಗ್ ಹುಡುಕುತ್ತಾ ತೆವಳಿದ್ದೇ ತೆವಳಿದ್ದು. ಸೆಕೆಗೆ ಎಸಿ ಜೋರಾಗಿತ್ತು. ಬೇರೆ ಕಾರಾಗಿದ್ದರೆ ನಿಂತಲ್ಲೇ ಪೆಟ್ರೋಲ್ ಕುಡಿಯುತ್ತಿತ್ತು. ಇದರಲ್ಲೂ ಬ್ಯಾಟರಿ ಇಳಿದಾಗ ಇಂಜಿನ್ ಒಮ್ಮೊಮ್ಮೆ ಎದ್ದು, ಒಂದೆರಡು ನಿಮಿಷ ಓಡಿ, ಮತ್ತೆ ಮಲಗುತ್ತಿತ್ತು. ಮಣಿಪಾಲದಿಂದ ಇಳಿಯುವಾಗ ತುಂಬಿಸಿಕೊಂಡದ್ದನ್ನು ಊರೊಳಗೆ ಖರ್ಚು ಮಾಡುವುದು. ಸಂಜೆಗೆ 26.

ಅದರ ಮರುದಿನ ಮರವಂತೆ. ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಎಲ್ಲರೂ 90ರಲ್ಲಿ ಹೋಗುವ ರಸ್ತೆಯಲ್ಲಿ ನಾನೊಬ್ಬನೇ 60ರಲ್ಲಿ ಹೋದರೆ ಹಿಂದಿನವರು ಸುಮ್ಮನಿರುವುದಿಲ್ಲ. 90ಕ್ಕೇ ಹೋದೆ, ಮೈಲೇಜ್ 22ಕ್ಕೆ ಬಂತು.

ಮರಳಿನ ಮೇಲೆ ನಾಡದೋಣಿಯ ಇಂಜಿನ್ ಬಿಚ್ಚಿ ಕೂತಿದ್ದ ಮೀನುಗಾರರೊಬ್ಬರ ಹತ್ತಿರ ಅಪ್ಪ ಮಾತಿಗೆ ಕೂತರು. ಅಪ್ಪನಿಗೆ ಇಂಜಿನ್ ಕಂಡರೆ ಸಾಕು, ಮೊದಲ ಪ್ರಶ್ನೆ ಮೈಲೇಜ್ ಎಷ್ಟು ಅಂತಲೇ.

'ನಮ್ಗೆ ಕಿಲೋಮೀಟರ್ ಲೆಕ್ಕ ಇಲ್ಲೆ ಮಾರಾಯ್ರೆ. ಗಂಟಿಗ್ ಎಷ್ಟ್ ಲೀಟ್ರ್ ಕುಡಿತ್ ಅಂಬುದೇ ಲೆಕ್ಕ' ಅಂದರು ಅವರು. ಸೀಮೆಎಣ್ಣೆ ಸಿಗುವುದರ ಕಷ್ಟ, ಗಾಳಿ ಎದುರಾದ ದಿನ ಆಗುವ ಖರ್ಚು, ಮೀನು ಸಿಗದೆ ವಾಪಸ್ ಬಂದರೆ ಎಣ್ಣೆ ದುಡ್ಡೂ ಹುಟ್ಟದಿರುವುದು. ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚು ಕಡಿಮೆ ಅಂತ ಕೊರಗುತ್ತಿದ್ದ ಅಪ್ಪ ಬಹಳ ಹೊತ್ತು ಅವರ ಮಾತು ಕೇಳಿದರು. ಎದ್ದು ಬರುವಾಗ ಬಂಗುಡೆ ಕೊಂಡರು. ಅದನ್ನು ಸಾರು ಮಾಡಿಸಲು ಹೋಟೆಲ್ ಹುಡುಕಿದ್ದು ಬೇರೆಯೇ ಕಥೆ, ಕುಂದಾಪುರದಲ್ಲಿ ಒಬ್ಬರು ಒಪ್ಪಿಕೊಂಡರು.

ಆಗುಂಬೆ ಹತ್ತಿ

ಹೊರಡುವ ದಿನ ಹೆಬ್ರಿ, ಸೋಮೇಶ್ವರದ ದಾರಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ದೂರ ಕಡಿಮೆ, ಏರು ಕಡಿದು. ಭಾರಿ ವಾಹನ ಬಿಡುವುದಿಲ್ಲ, ಅದೊಂದು ಪುಣ್ಯ. ತಿರುವಿನಲ್ಲಿ ಹಾರ್ನ್ ಹಾಕಲೇಬೇಕು, ಹತ್ತಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕು. ಬಿಡದವರೂ ಸಿಕ್ಕರು.

ಸೋಮೇಶ್ವರದಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿದ ಅಕ್ಕನ ಮಗ, ಅಪ್ಪನಿಗೆ ಭಾವ ಕೊಟ್ಟ ಕೆಲಸ ಮರೆತಿರಲಿಲ್ಲ. ಏರು ಶುರುವಾದ ಕೂಡಲೇ ಇಂಜಿನ್ ಸದ್ದು ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಗೇರ್ ಬದಲಾಗುವ ಏರಿಳಿತ ಇಲ್ಲ, ಒಂದೇ ರಾಗ. ಅಮ್ಮ ಕಿಟಕಿ ಹಾಕಿಸಿದರು. ಆದರೆ ತಿರುವಿನಲ್ಲಿ ನಿಂತು ಮತ್ತೆ ಹೊರಡುವಾಗ ಮೋಟರು ಕೈಕೊಡಲಿಲ್ಲ, ಒಂದು ಕಡೆಯೂ ಹಿಂದಕ್ಕೆ ಜಾರಲಿಲ್ಲ. ಅರ್ಧ ದಾರಿಯಲ್ಲಿ ಬ್ಯಾಟರಿ ಕೆಳಗಿಳಿದು ಇಂಜಿನ್ ಒಂದೇ ದುಡಿಯಿತು. ಮೇಲೆ ಬಂದಾಗ ಸ್ಕ್ರೀನ್ ಮೇಲೆ 9.2. ಫೋಟೋ ಹೋಯಿತು. ಭಾವನಿಂದ ಬಂದದ್ದು ಒಂದು ನಗುವ ಮುಖ ಮಾತ್ರ.

ಆಗುಂಬೆಯಲ್ಲಿ ಮಳೆ. ಅಲ್ಲಿ ಮಳೆ ಇಲ್ಲದಿದ್ದರೆ ಅದು ಸುದ್ದಿ. ಬಿಸಿ ಕಷಾಯ ಕುಡಿದು ಹೊರಟೆವು. ತೀರ್ಥಹಳ್ಳಿ ತನಕ ಕಾಡು, ಅಡಿಕೆ ತೋಟ, ಒದ್ದೆ ರಸ್ತೆ. ಶಿವಮೊಗ್ಗದಲ್ಲಿ ಊಟಕ್ಕೆ ನಿಲ್ಲಿಸುವಾಗ 9.2 ಇದ್ದದ್ದು 21 ಆಗಿತ್ತು. ಘಾಟಿಯ ಖರ್ಚು ಅಂದರೆ ಏಳೆಂಟು ಕಿಲೋಮೀಟರಿನದು, ಆಮೇಲಿನ ನೂರು ಕಿಲೋಮೀಟರ್ ಅದನ್ನು ಮುಚ್ಚಿಹಾಕುತ್ತೆ.

ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು. ಅಮ್ಮ ನಿದ್ದೆ, ಅಕ್ಕನ ಮಗ ನಿದ್ದೆ. 80ರಲ್ಲೇ ಬಂದೆ. ತಿಪಟೂರಿನಲ್ಲಿ ಎಳನೀರಿಗೆ ನಿಂತದ್ದು ಬಿಟ್ಟರೆ ಹೇಳುವಂಥದ್ದು ನಡೆಯಲಿಲ್ಲ.

ತುಮಕೂರು ದಾಟಿದ ಮೇಲೆ ಟ್ರಾಫಿಕ್ ಶುರು. ನೆಲಮಂಗಲದಿಂದ ಇಂಚು ಇಂಚು. ಅಕ್ಕಪಕ್ಕದ ಗಾಡಿಯವರೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದರೆ ಅಪ್ಪ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತರು. 'ನೋಡು, ಏರ್ತಿದೆ. ಜೋರಾಗಿ ಬ್ರೇಕ್ ಹಾಕಬೇಡ, ಮುಂಚೆಯಿಂದಲೇ ಮೆತ್ತಗೆ ಒತ್ತು' ಅಂತ ನನಗೇ ಪಾಠ. ಮಾತು ಸರಿಯೇ. ಗಕ್ಕನೆ ಒತ್ತಿದರೆ ಮಾಮೂಲಿ ಬ್ರೇಕ್ ಹಿಡಿದು ಶಕ್ತಿ ಬಿಸಿಯಾಗಿ ಹೋಗುತ್ತೆ, ಮೆತ್ತಗೆ ಒತ್ತಿದರೆ ಬ್ಯಾಟರಿಗೆ.

ಹೊರಡುವಾಗ ಹಾಕಿಸಿದ ಬಂಕಿಗೇ ಹೋದೆವು. ನಳಿಕೆ ಕಟ್ ಆಯಿತು. 592 ಕಿಲೋಮೀಟರಿಗೆ 25.9 ಲೀಟರ್. ಆಗುಂಬೆ ಹತ್ತಿಯೂ 22.9, ಚಾರ್ಮಾಡಿ ಇಳಿದ ಮೊದಲ ಅರ್ಧಕ್ಕಿಂತ ಜಾಸ್ತಿ. ಹುಡುಗ ರೌಂಡ್ ಫಿಗರ್ ಮಾಡಲು ಮತ್ತೆ ನಳಿಕೆ ಒತ್ತಲು ಹೋದ. 'ಬೇಡ ಬೇಡ, ಲೆಕ್ಕ ಕೆಡುತ್ತೆ' ಅಂತ ಅಪ್ಪ ಕೈ ಅಡ್ಡ ಹಿಡಿದರು. ಚಿಲ್ಲರೆ ಪೈಸೆಯ ಸಮೇತ ಯುಪಿಐ ಮಾಡಿ, ಡೈರಿಯಲ್ಲಿ ಬರೆದು, ಭಾವನಿಗೆ ಫೋನ್ ಹಚ್ಚಿದರು. ಡೀಸೆಲ್ ಅದೇ ದಾರಿಯಲ್ಲಿ ಎಷ್ಟು ಕೊಡುತ್ತೆ ಅಂತ ಈಗ ಅವರು ಹೋಗಿ ಬಂದು ಹೇಳಬೇಕಂತೆ, ಬಂಕಿನ ಲೆಕ್ಕದಲ್ಲೇ.